ಮಂಗಳೂರಿಗೆ ದುಡಿಯಲು ಹೊರಟಿದ್ದೀರಾ?



ಸುಗ್ಗಿ ಮುಗಿಯಿತು. ಹೊಲದಲ್ಲಿ ಕೆಲಸ ಇಲ್ಲ. ನಮ್ಮ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ಎಷ್ಟೋ ಮನೆಯವರು ಗಂಟು ಕಟ್ಟಿ ಮಂಗಳೂರಿಗೆ ಹೊರಡುತ್ತಾರೆ. ಅಲ್ಲಿ ಕಟ್ಟಡದ ಕೆಲಸ ಇದೆ. ರಸ್ತೆ ಕೆಲಸ, ಗಟಾರದ ಕೆಲಸ ಇದೆ. ಹೋದರೆ ನಾಲ್ಕು ತಿಂಗಳು, ಆರು ತಿಂಗಳು ಅಲ್ಲೇ ಇರಬೇಕು.

ದುಡಿಯಲು ಹೋಗೋದು ತಪ್ಪಲ್ಲ. ಆದರೆ ತಯಾರಿ ಇಲ್ಲದೆ ಹೋಗಬಾರದು. ರೊಟ್ಟಿ ಬುತ್ತಿ ಕಟ್ಟಿಕೊಂಡರೆ ತಯಾರಿ ಮುಗಿಯಿತೇ? ಇಲ್ಲ. ಇನ್ನೇನು ಬೇಕು? ಬನ್ನಿ, ಒಂದೊಂದಾಗಿ ನೋಡೋಣ.

ಗೆರೆ ಹೋಯಿತು, ಕೂಲಿಯೂ ಹೋಯಿತು

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರು ಮಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡಿ ಬಂದವರು. ಆಗ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ದಿನಾ ಸಂಜೆ ಶೆಡ್ಡಿನ ಪತ್ರಾಸಿನ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದರು. ಒಂದು ಗೆರೆ ಅಂದರೆ ಒಂದು ದಿನದ ಕೂಲಿ. ಹೀಗೆ 78 ಗೆರೆ ಆದವು.

ಕೆಲಸ ಮುಗಿಯಿತು. ಶೆಡ್ಡು ಬಿಚ್ಚಿದರು. ಪತ್ರಾಸನ್ನು ಬೇರೆ ಕಡೆ ಒಯ್ದರು. ಗೆರೆಗಳೂ ಅದರ ಜೊತೆ ಹೋದವು. ಲೆಕ್ಕ ಮಾಡುವಾಗ ಮೇಸ್ತ್ರಿ, "ನಿನ್ನವು 61 ದಿನ" ಅಂದ. ಅಕ್ಕ, "78 ದಿನ" ಅಂದರು. ಮೇಸ್ತ್ರಿ, "ಎಲ್ಲಿ, ತೋರಿಸು" ಅಂದ. ತೋರಿಸಲು ಏನೂ ಇರಲಿಲ್ಲ.

17 ದಿನದ ಕೂಲಿ ಹೋಯಿತು. ದಿನಕ್ಕೆ 500 ರೂಪಾಯಿಯಂತೆ 8,500 ರೂಪಾಯಿ. ಅದು ಬೀಜ, ಗೊಬ್ಬರಕ್ಕೆ ಅಂತ ನೆನೆಸಿದ್ದ ರೊಕ್ಕ. ಕೊನೆಗೆ ಬಡ್ಡಿ ಸಾಲ ತರಬೇಕಾಯಿತು.

ಆ ಅಕ್ಕ ಕೇಂದ್ರಕ್ಕೆ ಬಂದ ಮೊದಲ ದಿನ ಹೇಳಿದ ಮಾತು ನಮಗೆ ಇನ್ನೂ ನೆನಪಿದೆ. "ರೀ ಟೀಚರ್, ಕಥಿ ಓದೋದು ಆಮ್ಯಾಲ ಕಲಸ್ರಿ. ಮೊದಲ ಲೆಕ್ಕ ಬರಿಯಾಕ ಕಲಸ್ರಿ."

ಒಂದು ನೋಟ್‌ಬುಕ್ಕು, ಒಂದು ಪೆನ್ನು

ಗಂಟಿನಲ್ಲಿ ಮೊದಲು ಇಡಬೇಕಾದದ್ದು ಒಂದು ಸಣ್ಣ ನೋಟ್‌ಬುಕ್ಕು. ಜೊತೆಗೆ ಒಂದು ಪೆನ್ನು.

ಮೊದಲ ಪುಟವನ್ನು ಊರು ಬಿಡುವ ಮೊದಲೇ ಬರೆಯಿರಿ. ಗುತ್ತೇದಾರರ ಹೆಸರೇನು? ಮೇಸ್ತ್ರಿಯ ಹೆಸರೇನು? ಅವರ ಫೋನ್ ನಂಬರ್ ಯಾವುದು? ಕೆಲಸ ಎಲ್ಲಿ? ಬರೀ "ಮಂಗಳೂರು" ಅಂದರೆ ಸಾಲದು. ಸುರತ್ಕಲ್ಲೋ, ಕದ್ರಿಯೋ, ಕಂಕನಾಡಿಯೋ ಕೇಳಿ ಬರೆಯಿರಿ. ದಿನದ ಕೂಲಿ ಎಷ್ಟು? ಮುಂಗಡ ಎಷ್ಟು ತಗೊಂಡಿರಿ? ಯಾವ ತಾರೀಖು? ಈ ಪುಟವನ್ನು ಇನ್ನೊಂದು ಹಾಳೆಯಲ್ಲೂ ಬರೆದು ಮನೆಯ ಹಿರಿಯರ ಕೈಗೆ ಕೊಡಿ. ನಿಮ್ಮನ್ನು ಹುಡುಕಬೇಕಾದರೆ ಅವರಿಗೆ ಅದೇ ದಾರಿ.

ಎರಡನೆಯ ಪುಟದಿಂದ ದಿನದ ಲೆಕ್ಕ. ರಾತ್ರಿ ಮಲಗುವ ಮೊದಲು ಬರೆಯಿರಿ. ನಾಳೆ ಬರೆದರಾಯಿತು ಅನ್ನಬೇಡಿ. ವಾರದ ಖರ್ಚಿಗೆ ತಗೊಂಡ ರೊಕ್ಕವನ್ನೂ ಬರೆಯಿರಿ.

ಒಂದು ವಾರದ ಲೆಕ್ಕ ಹೀಗಿರುತ್ತದೆ:

ಕೆಲಸ ಮಾಡಿದ ದಿನ – 6
ದಿನದ ಕೂಲಿ – 500 ರೂಪಾಯಿ
ಒಟ್ಟು ಕೂಲಿ – 3,000 ರೂಪಾಯಿ
ಖರ್ಚಿಗೆ ತಗೊಂಡದ್ದು – 1,200 ರೂಪಾಯಿ
ಬರಬೇಕಾದ ಬಾಕಿ – 1,800 ರೂಪಾಯಿ

ವಾರಕ್ಕೊಮ್ಮೆ ಇದನ್ನು ಮೇಸ್ತ್ರಿಗೆ ತೋರಿಸಿ. "ಸರಿ ಐತೇನ್ರಿ?" ಅಂತ ಕೇಳಿ ಸಹಿ ಹಾಕಿಸಿ. ಆರು ತಿಂಗಳ ಜಗಳಕ್ಕಿಂತ ವಾರದ ಮಾತು ಹಗುರ.

ಗಂಡ ಹೆಂಡತಿ ಇಬ್ಬರೂ ಹೋದರೆ ಕೆಲವರು ಜೋಡಿ ಲೆಕ್ಕ ಮಾಡುತ್ತಾರೆ. ರೊಕ್ಕ ಗಂಡನ ಕೈಗೆ ಹೋಗುತ್ತದೆ. ಹೆಣ್ಣಿನ ದುಡಿಮೆ ಎಷ್ಟು ಅಂತ ಯಾರಿಗೂ ತಿಳಿಯೋದಿಲ್ಲ. ನಿಮ್ಮ ದಿನಗಳನ್ನು ಬೇರೆಯೇ ಬರೆಯಿರಿ. ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಕೊಡಬೇಕು ಅಂತ 1976ರಲ್ಲಿ ಕಾನೂನು ಬಂತು. ಈಗಿನ ಕಾನೂನಿನಲ್ಲೂ ಅದೇ ಮಾತಿದೆ. ಮುಂಗಡ ಕೊಟ್ಟೆ ಅಂತ ಯಾರನ್ನೂ ಹಿಡಿದಿಟ್ಟು ದುಡಿಸಿಕೊಳ್ಳುವಂತಿಲ್ಲ. ಅದು ಜೀತ. ಜೀತವನ್ನೂ 1976ರಲ್ಲೇ ಕಾನೂನು ತೆಗೆದುಹಾಕಿದೆ.

ಯಾವ ಯಾವ ಕಾಗದ ಬೇಕು?

ಎಲ್ಲ ಕಾಗದವನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ. ಕರಾವಳಿಯ ಮಳೆಯಲ್ಲಿ ಕಾಗದ ಉಳಿಯೋದು ಕಷ್ಟ.

ಆಧಾರ್ ಕಾರ್ಡು: ಇದು ಬಸ್ಸಿನಲ್ಲೇ ಬೇಕು. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾದಾ ಸರಕಾರಿ ಬಸ್ಸಿನಲ್ಲಿ ಟಿಕೆಟಿಗೆ ರೊಕ್ಕ ಇಲ್ಲ. ಎ.ಸಿ. ಬಸ್ಸಿಗೆ, ಮಲಗುವ ಬಸ್ಸಿಗೆ ಇದು ನಡೆಯೋದಿಲ್ಲ. ಮಂಗಳೂರಿನ ಊರೊಳಗೆ ಖಾಸಗಿ ಬಸ್ಸುಗಳೇ ಹೆಚ್ಚು. ಅಲ್ಲಿ ಟಿಕೆಟ್ ತೆಗೆಯಬೇಕು.

ರೇಷನ್ ಕಾರ್ಡು: ನಿಮ್ಮ ಊರಿನ ಕಾರ್ಡಿನಿಂದ ಮಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ತಗೊಳ್ಳಬಹುದು. ಹೆಬ್ಬೆಟ್ಟು ಕೊಡಬೇಕು ಅಷ್ಟೇ. ಅತ್ತೆ ಮಾವ ಊರಲ್ಲೇ ಉಳಿದರೆ ಯಾರು ಎಲ್ಲಿ ರೇಷನ್ ತರೋದು ಅಂತ ಮೊದಲೇ ಮಾತಾಡಿಕೊಳ್ಳಿ.

ಬ್ಯಾಂಕ್ ಪಾಸ್‌ಬುಕ್ಕು: ನಿಮ್ಮದೇ ಹೆಸರಿನ ಖಾತೆ ಇರಲಿ. ಎ.ಟಿ.ಎಂ. ಕಾರ್ಡಿನ ಗುಟ್ಟು ನಂಬರನ್ನು ಯಾರಿಗೂ ಹೇಳಬೇಡಿ. ನೋಟ್‌ಬುಕ್ಕಿನಲ್ಲೂ ಬರೆಯಬೇಡಿ.

ಕಟ್ಟಡ ಕಾರ್ಮಿಕರ ಕಾರ್ಡು: ಒಂದು ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಹೆಸರು ಬರೆಸಬಹುದು. ವಯಸ್ಸು 18ರಿಂದ 60ರ ಒಳಗೆ ಇರಬೇಕು. ಗಂಡನ ಹೆಸರು ಬರೆಸಿದರೆ ಸಾಕು ಅನ್ನಬೇಡಿ. ಕಲ್ಲು, ಮರಳು ಹೊರುವ ನೀವೂ ಕಾರ್ಮಿಕರೇ. ಹೆರಿಗೆಗೆ, ಅಪಘಾತಕ್ಕೆ ಸಹಾಯ ಸಿಗುತ್ತದೆ. ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೇಳಿ.

ತಾಯಿ ಕಾರ್ಡು: ಬಸುರಿಯರು, ಸಣ್ಣ ಮಕ್ಕಳ ತಾಯಂದಿರು ಇದನ್ನು ಮರೆಯಬಾರದು. ಮಗುವಿಗೆ ಯಾವ ಚುಚ್ಚುಮದ್ದು ಆಗಿದೆ, ಯಾವುದು ಬಾಕಿ ಇದೆ ಅಂತ ಇದರಿಂದಲೇ ತಿಳಿಯೋದು.

ಮಕ್ಕಳನ್ನು ಏನು ಮಾಡೋದು?

ಅಜ್ಜಿಯ ಹತ್ತಿರ ಬಿಡಲು ಸಾಧ್ಯವಿದ್ದರೆ ಬಿಡಿ. ಮಗುವಿನ ಶಾಲೆ ತಪ್ಪೋದಿಲ್ಲ. ಕರಕೊಂಡು ಹೋಗಲೇಬೇಕಾದರೆ ಅಲ್ಲಿನ ಸರಕಾರಿ ಶಾಲೆಗೆ ಸೇರಿಸಿ. ಅಲ್ಲೂ ಕನ್ನಡ ಶಾಲೆಗಳಿವೆ. 6ರಿಂದ 14 ವರ್ಷದ ಮಗುವನ್ನು ಟಿ.ಸಿ. ಇಲ್ಲ ಅಂತ ಹಿಂದೆ ಕಳಿಸುವಂತಿಲ್ಲ. 2009ರ ಕಾನೂನು ಹಾಗೆ ಹೇಳುತ್ತದೆ. ಆರು ವರ್ಷದ ಒಳಗಿನ ಮಕ್ಕಳಿಗೆ ಅಂಗನವಾಡಿ ಇದೆ. ಕಟ್ಟಡದ ಜಾಗದಲ್ಲಿ ನೀರಿನ ತೊಟ್ಟಿ, ಗುಂಡಿ ಇರುತ್ತವೆ. ಅಲ್ಲಿ ಮಗುವನ್ನು ಆಡಲು ಬಿಡಬೇಡಿ.

ಆ ಊರು ಹೇಗಿರುತ್ತದೆ?

ಅಲ್ಲಿ ಸೆಕೆ ಬಹಳ. ಬೆವರು ಆರುವುದೇ ಇಲ್ಲ. ನೀರು ಜಾಸ್ತಿ ಕುಡಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆ. ನಮ್ಮ ವಿಜಯಪುರ, ಬಾಗಲಕೋಟೆಗಿಂತ ಐದಾರು ಪಟ್ಟು ಹೆಚ್ಚು. ಕೌದಿ ನೆನೆದರೆ ಒಣಗೋದಿಲ್ಲ. ತೆಳು ಹಾಸಿಗೆ, ಒಂದು ತಾಡಪತ್ರಿ ಒಯ್ಯಿರಿ. ಕಡಿದ ಗುಡ್ಡದ ಕೆಳಗೆ, ಎತ್ತರದ ಗೋಡೆಯ ಪಕ್ಕ ಶೆಡ್ಡು ಹಾಕಿಕೊಟ್ಟರೆ ಒಪ್ಪಬೇಡಿ. ಮಳೆಗೆ ಮಣ್ಣು ಕುಸಿದರೆ ರಾತ್ರಿ ಎದ್ದು ಓಡಲೂ ಸಮಯ ಸಿಗೋದಿಲ್ಲ. ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯಬೇಡಿ.

ಊಟಕ್ಕೆ ಅಲ್ಲಿ ಕುಚಲಕ್ಕಿ ಅನ್ನ. ಜೋಳದ ರೊಟ್ಟಿ ಅಪರೂಪ. ಜೋಳದ ಹಿಟ್ಟು, ಶೇಂಗಾ ಚಟ್ನಿ ಇಟ್ಟುಕೊಳ್ಳಿ. ಕನ್ನಡ ನಡೆಯುತ್ತದೆ. ಆದರೆ ಜನ ತಮ್ಮೊಳಗೆ ತುಳು ಮಾತಾಡುತ್ತಾರೆ. "ಏತ್?" ಅಂದರೆ ಎಷ್ಟು? "ಬಲೆ" ಅಂದರೆ ಬನ್ನಿ. ನಾಲ್ಕು ಮಾತು ಕಲಿತರೆ ನಾಲ್ಕು ಜನ ನಮ್ಮವರಾಗುತ್ತಾರೆ.

ಜ್ವರ ಬಂದರೆ

ಮಂಗಳೂರಿನಲ್ಲಿ ಹಿಂದೆ ಮಲೇರಿಯಾ ಬಹಳ ಇತ್ತು. ಈಗ ಕಡಿಮೆ ಆಗಿದೆ. ಆದರೆ ಸೊಳ್ಳೆ ಹೋಗಿಲ್ಲ. ಮಲೇರಿಯಾ ಸೊಳ್ಳೆ ಕೊಳಚೆಗಿಂತ ಶುದ್ಧ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಹೊಸ ಕಟ್ಟಡದ ತೊಟ್ಟಿ, ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರು ಅದಕ್ಕೆ ಬೇಕು. ಆದ್ದರಿಂದ ಸೊಳ್ಳೆ ಪರದೆ ಒಯ್ಯಿರಿ. ಜ್ವರ, ಚಳಿ ಬಂದರೆ ಅಂಗಡಿ ಗುಳಿಗೆ ನುಂಗಿ ಸುಮ್ಮನಿರಬೇಡಿ. ಸರಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ವೈದ್ಯರು 14 ದಿನ ಗುಳಿಗೆ ಕೊಟ್ಟರೆ 14 ದಿನವೂ ನುಂಗಿ. ಜ್ವರ ಬಿಟ್ಟಿತು ಅಂತ ನಡುವೆ ಬಿಟ್ಟರೆ ಮತ್ತೆ ಬರುತ್ತದೆ. ಬಸುರಿ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮಂಗಳೂರಿನ ದೊಡ್ಡ ಸರಕಾರಿ ಆಸ್ಪತ್ರೆ ವೆನ್‌ಲಾಕ್. ಹೆರಿಗೆಗೆ ಲೇಡಿಗೋಷನ್ ಆಸ್ಪತ್ರೆ ಇದೆ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಈ ನಂಬರ್ ಬರೆದುಕೊಳ್ಳಿ:

ಆಂಬುಲೆನ್ಸ್ – 108
ಪೊಲೀಸ್ – 112
ಹೆಣ್ಣುಮಕ್ಕಳ ಸಹಾಯಕ್ಕೆ – 181
ಮಕ್ಕಳ ಸಹಾಯಕ್ಕೆ – 1098

ಆ ಅಕ್ಕ ಈಗ ಏನು ಮಾಡುತ್ತಿದ್ದಾರೆ?

ಈ ಸಲವೂ ಅವರು ಮಂಗಳೂರಿಗೆ ಹೊರಟಿದ್ದಾರೆ. ಹೊರಡುವ ಹಿಂದಿನ ದಿನ ನೋಟ್‌ಬುಕ್ಕು ತಂದು ನಮಗೆ ತೋರಿಸಿದರು. ಮೊದಲ ಪುಟದಲ್ಲಿ ಮೇಸ್ತ್ರಿಯ ಹೆಸರು ಇತ್ತು. ಫೋನ್ ನಂಬರ್ ಇತ್ತು. ದಿನದ ಕೂಲಿ ಇತ್ತು. ಅಕ್ಷರ ಸ್ವಲ್ಪ ಸೊಟ್ಟ. ಒಂದು ಕಡೆ ಒತ್ತಕ್ಷರ ತಪ್ಪಿತ್ತು. ತಿದ್ದಲು ನಾವು ಪೆನ್ನು ತೆಗೆದೆವು. ಅವರು ಪುಸ್ತಕ ಹಿಂದೆ ಎಳೆದುಕೊಂಡರು.

"ನೀವು ಹೇಳ್ರಿ ಟೀಚರ್. ನಾನ ಬರೀತೀನಿ" ಅಂದರು.

ನೀವೂ ಬರೆಯಿರಿ:
1. ನಿಮ್ಮ ಮನೆಯಿಂದ ಯಾರಾದರೂ ದುಡಿಯಲು ಹೋಗಿದ್ದಾರೆಯೇ? ಅವರು ಇರುವ ಜಾಗದ ಹೆಸರು ಬರೆಯಿರಿ.
2. ದಿನಕ್ಕೆ 500 ರೂಪಾಯಿಯಂತೆ 9 ದಿನದ ಕೂಲಿ ಎಷ್ಟು? ಅದರಲ್ಲಿ 1,500 ರೂಪಾಯಿ ಖರ್ಚಿಗೆ ತಗೊಂಡರೆ ಬಾಕಿ ಎಷ್ಟು?