ಏರಿ ಇಳಿಯುವ ಒಂದು ಮಹಾಸಂಖ್ಯೆ

‘ವಿಕಟಕವಿ’ ಎಂಬ ಪದವನ್ನು ಮೊದಲಿನಿಂದ ಓದಿದರೂ ಕೊನೆಯಿಂದ ಓದಿದರೂ ಒಂದೇ. ಸಂಖ್ಯೆಗಳಲ್ಲಿಯೂ ಇಂತಹ ಗತಪ್ರತ್ಯಾಗತಗಳುಂಟು. ಅವುಗಳಲ್ಲಿ ಒಂದನ್ನು ಈಗ ಪರಿಶೀಲಿಸೋಣ:

12345678987654321

ಹದಿನೇಳು ಅಂಕಿಗಳ ಈ ಸಂಖ್ಯೆಯು ನೂರಿಪ್ಪತ್ತಮೂರು ಕೋಟಿ ಕೋಟಿಗೂ ಮಿಗಿಲಾದುದು. ಇದರ ಅಂಕಿಗಳು ಒಂದರಿಂದ ಒಂಬತ್ತರವರೆಗೆ ಮೆಟ್ಟಿಲುಮೆಟ್ಟಿಲಾಗಿ ಏರಿ, ಅದೇ ಕ್ರಮದಲ್ಲಿ ಇಳಿಯುತ್ತವೆ. ಇದು ಆಕಸ್ಮಿಕವಲ್ಲ. ಒಂಬತ್ತು ಒಂದುಗಳನ್ನು ಸಾಲಾಗಿ ಬರೆದರೆ ದೊರೆಯುವ 111111111ರ ವರ್ಗವೇ ಇದು.

ಕಾರಣವನ್ನು ತಿಳಿಯಲು 111ನ್ನು 111ರಿಂದ ಗುಣಿಸಿ ನೋಡೋಣ. 111, 1110, 11100 ಇವುಗಳನ್ನು ಒಂದರ ಕೆಳಗೊಂದು ಬರೆದು ಕೂಡಬೇಕಷ್ಟೆ. ಬಿಡಿಯ ಸ್ಥಾನದಲ್ಲಿ ಒಂದೇ ಒಂದು 1, ಹತ್ತರ ಸ್ಥಾನದಲ್ಲಿ ಎರಡು, ನೂರರ ಸ್ಥಾನದಲ್ಲಿ ಮೂರು. ಅನಂತರ ಮತ್ತೆ ಎರಡು, ಒಂದು. ಮೊತ್ತ 12321. ಒಂಬತ್ತು ಒಂದುಗಳಿದ್ದಾಗ ನಡುವಣ ಸ್ಥಾನದಲ್ಲಿ ಒಂಬತ್ತು ಸೇರುತ್ತದೆ. ಎಲ್ಲಿಯೂ ದಶಕವನ್ನು ಮುಂದಿನ ಸ್ಥಾನಕ್ಕೆ ಒಯ್ಯಬೇಕಾಗಿಲ್ಲವಾದ್ದರಿಂದ ಸಮತೆಯು ಕೆಡುವುದಿಲ್ಲ.

ಈ ಚೆಲುವನ್ನು ನಮ್ಮ ನಾಡಿನ ಗಣಿತಜ್ಞರು ಬಹುಹಿಂದೆಯೇ ಕಂಡಿದ್ದರು. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಇಂತಹ ಗುಣಲಬ್ಧಗಳನ್ನು ಕಂಠಹಾರಗಳಿಗೆ ಹೋಲಿಸಿದ್ದಾರೆ. 27994681ನ್ನು 441ರಿಂದ ಗುಣಿಸಿದರೆ 12345654321 ಬರುವುದು ಅವರು ಕೊಟ್ಟ ಲೆಕ್ಕಗಳಲ್ಲೊಂದು. ಅದು 111111ರ ವರ್ಗ. ನಮ್ಮ ಸಂಖ್ಯೆಯ ಕಿರಿಯ ಸೋದರ.

ಒಂದರಿಂದ ಒಂಬತ್ತರವರೆಗೆ ನಿಯಮವು ತಪ್ಪಲಿಲ್ಲ. ಆದ್ದರಿಂದ ಮುಂದೆಯೂ ತಪ್ಪದೆಂದು ನಿರ್ಧರಿಸಬಹುದೇ? ಹತ್ತು ಒಂದುಗಳ ಸಂಖ್ಯೆಯ ವರ್ಗವನ್ನು ನೋಡಿ:

1234567900987654321

ಹಾರವು ಹರಿಯಿತು! ನಡುವೆ ಹತ್ತು ಸೇರಿದ ಕಾರಣ ಅಲ್ಲಿ ಸೊನ್ನೆ ನಿಂತು, ದಶಕವು ಎಡಕ್ಕೆ ಸರಿಯಿತು. ಅಲ್ಲಿದ್ದ 9 ಹತ್ತಾಗಿ ಇನ್ನೊಂದು ದಶಕವನ್ನು ಮುಂದಕ್ಕೆ ತಳ್ಳಿತು. ಅದರಿಂದ 8 ಒಂಬತ್ತಾಯಿತು. ಒಂಬತ್ತು ನಿದರ್ಶನಗಳು ಸೇರಿದರೂ ಒಂದು ಸಾಧನೆಯಾಗಲಾರದೆಂಬುದು ಇದರಿಂದ ವೇದ್ಯವಾಗುತ್ತದೆ. ಕಾರಣವನ್ನು ಅರಿತವನಿಗೆ ಮಾತ್ರ ನಿಯಮದ ಎಲ್ಲೆಯೂ ತಿಳಿಯುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಏರಿ ಇಳಿಯುವ ಈ ರೂಪವು ಸಂಖ್ಯೆಯ ಸಹಜಗುಣವಲ್ಲ, ದಶಮಾನ ಪದ್ಧತಿಯಲ್ಲಿ ನಾವು ಅದನ್ನು ಬರೆಯುವ ರೀತಿಯ ಗುಣ. ಹತ್ತರ ಬದಲು ಎಂಟನ್ನು ಆಧಾರವಾಗಿ ಇಟ್ಟುಕೊಂಡಿದ್ದರೆ ಏಳು ಒಂದುಗಳಿಗೇ ಹಾರವು ಪೂರ್ಣವಾಗಿ, ಎಂಟನೆಯದಕ್ಕೆ ಹರಿಯುತ್ತಿತ್ತು. ಆದರೆ ನಮ್ಮ ಸಂಖ್ಯೆಯು ಒಂದು ಪೂರ್ಣವರ್ಗವೆಂಬುದು ಯಾವ ಪದ್ಧತಿಯಲ್ಲಿ ಬರೆದರೂ ಬದಲಾಗದು. ಅದರ ಅವಿಭಾಜ್ಯ ಅಪವರ್ತನಗಳು 3, 37 ಮತ್ತು 333667 ಮಾತ್ರ. ಇವುಗಳಲ್ಲಿ 3 ನಾಲ್ಕು ಬಾರಿಯೂ ಉಳಿದವು ಎರಡೆರಡು ಬಾರಿಯೂ ಬರುತ್ತವೆ. ಆದಕಾರಣ ಅದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಟ್ಟು 45. ಅದರ ಅಂಕಿಗಳ ಮೊತ್ತವಾದ 81 ಸಹ ಅವುಗಳಲ್ಲಿ ಒಂದು.

ಹನ್ನೆರಡನ್ನು ಆಧಾರವಾಗಿ ಇಟ್ಟುಕೊಂಡರೆ ಹಾರವು ಎಷ್ಟು ಒಂದುಗಳವರೆಗೆ ಹರಿಯದೆ ಉಳಿಯುವುದು? ವಾಚಕರೇ ಕಾಗದ ಪೆನ್ಸಿಲುಗಳನ್ನು ಹಿಡಿದು ಕಂಡುಕೊಳ್ಳಲಿ.