ನಾಲ್ಕು ಹೆಸರು, ಒಂದು ಫೈಲು: ಬರೆದದ್ದು ಯಾರು?

ವೀಕ್ಷಕರೇ, ನಿಮ್ಮ ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಇದ್ದರೆ ಒಂದು ಪ್ರಶ್ನೆ ಕೇಳಿ ನೋಡಿ. ಪ್ರಾಜೆಕ್ಟ್ ರಿಪೋರ್ಟಿನ ಮೇಲೆ ನಾಲ್ಕು ಹೆಸರಿದೆಯಲ್ಲ, ಒಳಗಿರೋದನ್ನು ಬರೆದದ್ದು ಯಾರು?

ಒಂದು ಕ್ಷಣ ಮೌನ. ಆಮೇಲೆ ಉತ್ತರ ಬರುತ್ತೆ: "ಎಲ್ಲರೂ ಸೇರಿ."

ನಾನೂ ಎಂಜಿನಿಯರಿಂಗ್ ಓದಿಯೇ ಈ ಕ್ಯಾಮೆರಾ ಮುಂದೆ ಬಂದವನು. ಈ "ಎಲ್ಲರೂ ಸೇರಿ" ಅಂದ್ರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಒಬ್ಬರು ಬರೆಯುತ್ತಾರೆ. ಒಬ್ಬರು ಪ್ರಿಂಟ್ ಹಾಕಿಸುತ್ತಾರೆ. ಒಬ್ಬರು ಬೈಂಡಿಂಗಿಗೆ ದುಡ್ಡು ಕೊಡುತ್ತಾರೆ. ನಾಲ್ಕನೆಯವರು ವೈವಾ ದಿನ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬರುತ್ತಾರೆ. ಅಂಕ ಮಾತ್ರ ನಾಲ್ವರಿಗೂ ಸರಿಸಮ. ತಮಾಷೆ ಏನು ಗೊತ್ತಾ? ಎಂಜಿನಿಯರಿಂಗ್ ಪದವೀಧರರಿಗೆ ಏನೇನು ಬರಬೇಕು ಅಂತ ಎನ್‌ಬಿಎ, ಅಂದರೆ ಕೋರ್ಸುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ, 12 ಅಂಶಗಳ ಪಟ್ಟಿಯೊಂದನ್ನು ವರ್ಷಗಳ ಕಾಲ ಇಟ್ಟುಕೊಂಡಿತ್ತು. ಅದರಲ್ಲಿ 9ನೆಯದು ತಂಡದಲ್ಲಿ ಕೆಲಸ ಮಾಡುವ ಸಾಮರ್ಥ್ಯ. ಕಾಗದದ ಮೇಲೆ ಎಲ್ಲರೂ ಅದರಲ್ಲಿ ಪಾಸು.

ಇದನ್ನು ಇವತ್ತು ಹೇಳೋದಕ್ಕೆ ಕಾರಣ ಇದೆ. ಮಂಗಳೂರಿನಿಂದ ಮೂಡುಬಿದಿರೆಗೆ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಹೋದರೆ, ಗುರುಪುರ, ಕೈಕಂಬ, ಗಂಜಿಮಠ ದಾಟಿ ಎಡಪದವು ಆದಮೇಲೆ ಮಿಜಾರು, ತೋಡಾರು ಸಿಗುತ್ತವೆ. ಅಡಿಕೆ ತೋಟ, ಗುಡ್ಡ, ನಡುನಡುವೆ ಎಂಜಿನಿಯರಿಂಗ್ ಕಾಲೇಜು. ಒಂದಲ್ಲ, ಮೂರು. ಆಳ್ವಾಸ್, ಮೈಟ್, ತೋಡಾರಿನಲ್ಲಿ ಯೆನೆಪೋಯ. ಸಂಜೆ ಬಸ್ ಹತ್ತಿದರೆ ಸೀಟು ಸಿಗಲ್ಲ, ಅಷ್ಟು ಮಕ್ಕಳು. ನನ್ನ ಸಹಪಾಠಿಯೊಬ್ಬಳು ಈ ಕಡೆ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಾಳೆ. ಯಾವ ಕಾಲೇಜು ಅಂತ ಹೇಳಬೇಡ ಅಂದಿದ್ದಾಳೆ, ಹೇಳಲ್ಲ. ಕೆಲವು ವರ್ಷಗಳಿಂದ ಅವಳು ಪ್ರಾಜೆಕ್ಟು, ಸೆಮಿನಾರು, ಲ್ಯಾಬ್ ವರದಿ ಎಲ್ಲವನ್ನೂ ಆನ್‌ಲೈನ್‌ನಲ್ಲಿ ಹಂಚಿಕೊಂಡ ಫೈಲಿನಲ್ಲೇ ಬರೆಸುತ್ತಿದ್ದಾಳೆ. ಗೂಗಲ್ ಡಾಕ್ಸ್ ಥರದ್ದು. ಒಂದೇ ಫೈಲು, ನಾಲ್ಕು ಜನ, ನಾಲ್ಕು ಕಡೆ ಕೂತು ಒಟ್ಟಿಗೇ ಬರೆಯೋದು.

"ನಾವು ಗ್ರೂಪಿಗೆ ಒಂದೇ ಮಾರ್ಕ್ಸ್ ಕೊಡುವುದು ಯಾಕೆ ಗೊತ್ತುಂಟಾ ಮಾರಾಯ?" ಅಂತ ಕೇಳಿದಳು. "ಯಾರು ಮಾಡಿದ್ದು ಅಂತ ನಮಗೆ ನೋಡ್ಲಿಕ್ಕೆ ಆಗುವುದಿಲ್ಲ, ಅದಕ್ಕೆ."

ಈಗ ನೋಡಬಹುದು. ಆದರೆ ನೋಡಿದ್ದು ಎಷ್ಟು ನಿಜ? ಇವತ್ತಿನ ವಿಷಯ ಅದು.

ಮೊದಲ ಸಲ ಅವಳು ಇಡೀ ಕ್ಲಾಸಿಗೆ, 60 ಮಕ್ಕಳಿಗೆ, ಒಂದೇ ಫೈಲಿನ ಲಿಂಕ್ ಕೊಟ್ಟಳಂತೆ. ಗೂಗಲ್ ಡಾಕ್ಸ್‌ನಲ್ಲಿ ಏಕಕಾಲಕ್ಕೆ 100 ಜನ ತಿದ್ದಬಹುದು, ಹಾಗಾಗಿ ಯಂತ್ರಕ್ಕೇನೂ ತೊಂದರೆ ಇಲ್ಲ. ತೊಂದರೆ ಆದದ್ದು ಮನುಷ್ಯರಿಗೆ. ಲಾಗಿನ್ ಆಗದೆ ಲಿಂಕ್ ತೆರೆದವರಿಗೆ ಗೂಗಲ್ ಹೆಸರಿನ ಬದಲು ಪ್ರಾಣಿಯ ಹೆಸರು ಕೊಡುತ್ತೆ. ಅನಾನಿಮಸ್ ಕ್ಯಾಪಿಬರಾ, ಹೀಗೆ. ಹತ್ತು ನಿಮಿಷದಲ್ಲಿ ಫೈಲು ಪಿಲಿಕುಳ ನಿಸರ್ಗಧಾಮ ಆಗಿಬಿಟ್ಟಿತ್ತು. ಒಬ್ಬ ಬರೆದದ್ದನ್ನು ಇನ್ನೊಬ್ಬ ಅಳಿಸ್ತಾನೆ, ಮತ್ತೊಬ್ಬ ನಡುವೆ ಸಿನಿಮಾ ಡೈಲಾಗ್ ಹಾಕ್ತಾನೆ. ಮುಖ ಕಾಣದಿದ್ದರೆ ಮನುಷ್ಯ ಏನು ಮಾಡ್ತಾನೆ ಅಂತ ಟಿವಿ ಚಾನೆಲಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕಾರ್ಯಕ್ರಮದ ಕೆಳಗಿನ ಕಾಮೆಂಟುಗಳನ್ನು ನಾವು ದಿನಾ ಓದ್ತೇವೆ. ಆವತ್ತಿನಿಂದ ಅವಳದು ಎರಡು ನಿಯಮ. ಲಾಗಿನ್ ಇಲ್ಲದೆ ಪ್ರವೇಶ ಇಲ್ಲ. ಒಂದು ಫೈಲಿಗೆ ನಾಲ್ವರಿಗಿಂತ ಹೆಚ್ಚು ಇಲ್ಲ.

ಈಗ ಸ್ವಲ್ಪ ಎಂಜಿನಿಯರಿಂಗ್ ಮಾತಾಡೋಣ. ನಾಲ್ಕು ಜನ ಒಟ್ಟಿಗೆ ಬರೆದರೂ ಅಕ್ಷರಗಳು ಕಲಸುಮೇಲೋಗರ ಆಗಲ್ಲ, ಹೇಗೆ?

ಫೈಲಿನಲ್ಲಿ ಒಂದು ವಾಕ್ಯ ಇದೆ ಅಂದುಕೊಳ್ಳಿ: "ಬಸ್ಸು ತೋಡಾರಿಗೆ ಬಂತು." ಮೂರು ಪದ. ಹಾಸ್ಟೆಲಿನಲ್ಲಿ ಕೂತ ಹುಡುಗಿ ಮೊದಲಿಗೆ "ಖಾಸಗಿ" ಅಂತ ಸೇರಿಸ್ತಾಳೆ. ಅದೇ ಕ್ಷಣದಲ್ಲಿ ಮನೆಯಲ್ಲಿ ಕೂತ ಹುಡುಗ "ಬಂತು" ತೆಗೆದು "ಬರಲಿಲ್ಲ" ಅಂತ ಹಾಕ್ತಾನೆ. ಕಂಪ್ಯೂಟರಿಗೆ ಅವನ ಆದೇಶ ಹೀಗೆ ಕೇಳಿಸುತ್ತೆ: ಮೂರನೇ ಪದ ತೆಗಿ, ಅಲ್ಲಿ "ಬರಲಿಲ್ಲ" ಹಾಕು. ಆದರೆ ಈ ಆದೇಶ ಹುಡುಗಿಯ ಕಂಪ್ಯೂಟರಿಗೆ ಬಂದು ಮುಟ್ಟುವಾಗ ಅಲ್ಲಿ ಮೂರನೇ ಪದ "ತೋಡಾರಿಗೆ" ಆಗಿಬಿಟ್ಟಿದೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರೆ "ಖಾಸಗಿ ಬಸ್ಸು ಬರಲಿಲ್ಲ ಬಂತು" ಅಂತಾಗುತ್ತೆ. ಅದಕ್ಕೇ ತಂತ್ರಾಂಶ ಸ್ವಲ್ಪ ತಡೆದು ಯೋಚಿಸುತ್ತೆ: ನನ್ನ ಮುಂದೆ ಹೊಸ ಪದವೊಂದು ಬಂದಿದೆ, ಹಾಗಾಗಿ ಇವನ "ಮೂರನೇ" ಅನ್ನೋದು ಈಗ "ನಾಲ್ಕನೇ" ಆಗಬೇಕು. ಲೆಕ್ಕ ತಿದ್ದಿಕೊಂಡು ಜಾರಿ ಮಾಡುತ್ತೆ. ಇಬ್ಬರ ಪರದೆಯಲ್ಲೂ "ಖಾಸಗಿ ಬಸ್ಸು ತೋಡಾರಿಗೆ ಬರಲಿಲ್ಲ." ವಾಸ್ತವದಲ್ಲಿ ಎಣಿಕೆ ನಡೆಯೋದು ಪದದಲ್ಲಲ್ಲ, ಅಕ್ಷರದಲ್ಲಿ. ತತ್ವ ಇದೇ. 1989ರಲ್ಲಿ ಎಲಿಸ್ ಮತ್ತು ಗಿಬ್ಸ್ ಎಂಬ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ಇದನ್ನು ಪ್ರಬಂಧವಾಗಿ ಬರೆದರು. ಗೂಗಲ್ ಡಾಕ್ಸ್ ಮೂಲಕ ಅದು ನಮ್ಮ ಕೈಗೆ ಬರೋಕೆ 2010 ಆಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಯಂತ್ರ ಬಗೆಹರಿಸಿದ್ದು ಪದ ಎಲ್ಲಿ ಕೂರಬೇಕು ಅನ್ನೋದನ್ನು ಮಾತ್ರ. ಬಸ್ಸು ನಿಜಕ್ಕೂ ಬಂತೋ ಬರಲಿಲ್ಲವೋ, ಅದು ಯಂತ್ರಕ್ಕೆ ಸಂಬಂಧ ಇಲ್ಲ. ಹುಡುಗಿ ಬಸ್ ಸ್ಟ್ಯಾಂಡಿನಲ್ಲೇ ನಿಂತು ನೋಡಿದ್ದರೂ, ಕೊನೆಗೆ ಉಳಿಯೋದು ಕೊನೆಗೆ ತಿದ್ದಿದವನ ಮಾತು. ನನ್ನ ಗೆಳತಿ ಹೇಳುವ ಪ್ರಕಾರ ಪಾಠ ಶುರುವಾಗೋದೇ ಇಲ್ಲಿ. ಮಕ್ಕಳು ಒಬ್ಬರ ತಪ್ಪನ್ನು ಒಬ್ಬರು ತಿದ್ದಲ್ಲ. ಸಂಕೋಚ. "ಅವನು ಬೇಜಾರು ಮಾಡಿಕೊಳ್ತಾನೆ ಮೇಡಂ." ಇಲ್ಲಾಂದ್ರೆ ಹೇಳದೆ ಕೇಳದೆ ಅಳಿಸಿ ಹಾಕ್ತಾರೆ. ಇವೆರಡರ ನಡುವಿನ ದಾರಿ, ಅಂದರೆ "ಇದು ಸರಿ ಇಲ್ಲ ಅನ್ಸುತ್ತೆ, ಯಾಕಂದ್ರೆ" ಅಂತ ಪಕ್ಕದಲ್ಲಿ ಕಾಮೆಂಟ್ ಹಾಕೋದು, ಅದನ್ನು ಕಲಿಸೋಕೆ ಒಂದು ಸೆಮಿಸ್ಟರ್ ಪೂರ್ತಿ ಬೇಕಾಯಿತಂತೆ. ಕಲಿತ ಮೇಲೆ ಅವಳೇ ಬೆರಗಾದಳು. ಕ್ಲಾಸಿನಲ್ಲಿ ಬಾಯಿ ಬಿಡದವರು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಲ್ಲಿ ಕೂತವರು, ಕಾಮೆಂಟಿನಲ್ಲಿ ಒಳ್ಳೊಳ್ಳೆ ಪ್ರಶ್ನೆ ಕೇಳಿದ್ದರು. ಅರ್ಧ ಇಂಗ್ಲಿಷು, ಅರ್ಧ ಕನ್ನಡ, ನಡುವೆ ಒಂದೆರಡು ತುಳು ಪದ. ಅವಳು ಭಾಷೆಗೆ ಅಂಕ ಕಳೆಯಲಿಲ್ಲ.

ಇನ್ನು "ನೋಡಬಹುದು" ಅಂದೆನಲ್ಲ, ಅದಕ್ಕೆ ಬರ್ತೇನೆ. ಈ ಫೈಲುಗಳಿಗೆ ಒಂದು ನೆನಪು ಇದೆ. ವರ್ಷನ್ ಹಿಸ್ಟರಿ ಅಂತಾರೆ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಏನು ಸೇರಿಸಿದರು, ಏನು ತೆಗೆದರು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಬಣ್ಣದಲ್ಲಿ ಕಾಣುತ್ತೆ. ಮೊದಲ ಸಲ ಅದನ್ನು ತೆರೆದಾಗ ಕೆಲವು ಫೈಲುಗಳು ಮೊದಲಿನಿಂದ ಕೊನೆವರೆಗೆ ಒಂದೇ ಬಣ್ಣ. ಇನ್ನು ಕೆಲವು ಸಲ್ಲಿಕೆಯ ಹಿಂದಿನ ರಾತ್ರಿ ಹುಟ್ಟಿದ ಕೂಸುಗಳು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಮೇಲೆ ಹೊಸ ನಮೂನೆಯೊಂದು ಸೇರಿಕೊಂಡಿತು: ಮೂರು ಪುಟ ಒಂದೇ ಕ್ಷಣದಲ್ಲಿ ಬಂದು ಬಿದ್ದಿರುತ್ತೆ, ಒಂದು ಕಾಗುಣಿತ ತಪ್ಪೂ ಇಲ್ಲದೆ.

ಯಾರ ಪಾಲು ಎಷ್ಟು ಅಂತ ಬರೆದಿಡೋದು ಈ ಸೀಮೆಗೆ ಹೊಸದೇನಲ್ಲ. ತೋಡಾರಿನಿಂದ ಕೆಲವೇ ಕಿಲೋಮೀಟರ್ ದೂರದ ಮೂಡುಬಿದಿರೆಯಲ್ಲಿ ಗುರು ಬಸದಿ ಇದೆ. ಅದನ್ನು ಸಿದ್ಧಾಂತ ಬಸದಿ ಅಂತಲೂ ಕರೀತಾರೆ. ಜೈನರ ಧವಲಾ, ಜಯಧವಲಾ ಗ್ರಂಥಗಳ ಹಳೆಯ ತಾಳೆಗರಿಗಳು ಶತಮಾನಗಳ ಕಾಲ ಉಳಿದದ್ದು ಈ ಊರಿನಲ್ಲಿ, ಹಳಗನ್ನಡ ಲಿಪಿಯಲ್ಲಿ. ಜಯಧವಲಾ ಟೀಕೆಯನ್ನು ಶುರು ಮಾಡಿದವರು ವೀರಸೇನಾಚಾರ್ಯರು. ಮುಗಿಸುವ ಮೊದಲೇ ಅವರು ತೀರಿಕೊಂಡರು. ಶಿಷ್ಯ ಜಿನಸೇನರು ಮುಂದುವರಿಸಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 837ರಲ್ಲಿ ಮುಗಿಸಿದರು. ಗುರುಗಳದು ಸುಮಾರು 20,000 ಶ್ಲೋಕ ಪ್ರಮಾಣ, ಶಿಷ್ಯರದು 40,000. ದೊಡ್ಡ ಪಾಲು ಶಿಷ್ಯನದು, ಆದರೂ ಆರಂಭಿಸಿದ ಗುರುವಿನ ಹೆಸರು ಎಲ್ಲೂ ಮರೆಯಾಗಲಿಲ್ಲ. ಇದಕ್ಕೆ ಹೋಲಿಸಿ ನೋಡಿ: ಗೂಗಲ್‌ನವರದೇ ಜಾಮ್‌ಬೋರ್ಡ್ ಅಂತ ಒಂದಿತ್ತು, ಮಕ್ಕಳೆಲ್ಲ ಒಟ್ಟಿಗೆ ಚಿತ್ರ ಬರೆಯುವ ಆನ್‌ಲೈನ್ ಬೋರ್ಡು. ಲಾಕ್‌ಡೌನ್ ಕಾಲದಲ್ಲಿ ಎಷ್ಟೋ ಶಿಕ್ಷಕರು ಅದನ್ನೇ ನಂಬಿದ್ದರು. 2024ರ ಡಿಸೆಂಬರ್ 31ಕ್ಕೆ ಅದು ಬಂದ್. ಅದಕ್ಕೇ ನನ್ನ ಗೆಳತಿ ಸೆಮಿಸ್ಟರ್ ಮುಗಿದ ಕೂಡಲೇ ಎಲ್ಲ ಫೈಲುಗಳ ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ತಾಳೆ. ಕಂಪನಿ ಪುಕ್ಕಟೆ ಕೊಟ್ಟದ್ದನ್ನು ಕಂಪನಿ ಯಾವಾಗ ಬೇಕಾದರೂ ವಾಪಸ್ ತಗೋಬಹುದು.

ಮೂಡುಬಿದಿರೆಯಲ್ಲೇ ಇನ್ನೊಂದು ಮಾದರಿ ಇದೆ. ಆಳ್ವಾಸ್ ಕಾಲೇಜಿನಲ್ಲಿ ವಿಕಿಪೀಡಿಯ ವಿದ್ಯಾರ್ಥಿಗಳ ಸಂಘವೇ ಇದೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಿಂದ ಭಾಷಾ ತರಗತಿಯ ಮಕ್ಕಳು ವಿಕಿಪೀಡಿಯದಲ್ಲಿ ಬರೆದಿದ್ದಾರೆ. ಎಂಟು ವರ್ಷ ಪ್ರಾಯೋಗಿಕ ಹಂತದಲ್ಲೇ ಕಾದಿದ್ದ ತುಳು ವಿಕಿಪೀಡಿಯ 2016ರ ಆಗಸ್ಟ್‌ನಲ್ಲಿ ಹೊರಬಂದದ್ದೂ ಇಂಥ ಕರಾವಳಿಯ ಉತ್ಸಾಹಿಗಳಿಂದ. ಅಲ್ಲೂ ಪ್ರತಿ ಪುಟಕ್ಕೆ ಇತಿಹಾಸ ಇದೆ. ವ್ಯತ್ಯಾಸ ಏನಂದ್ರೆ ಅದನ್ನು ಮೇಷ್ಟರು ಮಾತ್ರವಲ್ಲ, ಯಾರು ಬೇಕಾದರೂ ನೋಡಬಹುದು.

ಆದರೆ ಎಲ್ಲ ಕಡೆ ಇದು ಫಲಿಸಲಿಲ್ಲ. 2011ರಲ್ಲಿ ವಿಕಿಮೀಡಿಯ ಪ್ರತಿಷ್ಠಾನ ಪುಣೆಯ ಕೆಲವು ಕಾಲೇಜುಗಳಲ್ಲಿ ನೂರಾರು ಮಕ್ಕಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನ ಬರೆಸಲು ಹೊರಟಿತು. ಮಕ್ಕಳು ಪುಸ್ತಕದಿಂದ, ಬೇರೆ ಜಾಲತಾಣಗಳಿಂದ ಇದ್ದದ್ದನ್ನು ಇದ್ದ ಹಾಗೇ ತಂದು ಸುರಿದರು. ಹಕ್ಕುಸ್ವಾಮ್ಯದ ಗಲಾಟೆ ಆಯಿತು, ಸ್ವಯಂಸೇವಕರು ಗುಡಿಸಿ ಸುಸ್ತಾದರು, ಅದೇ ನವೆಂಬರ್‌ನಲ್ಲಿ ಯೋಜನೆ ನಿಂತಿತು. ನೋಟ್ಸನ್ನು ಇದ್ದ ಹಾಗೇ ಇಳಿಸಿದರೆ ಅಂಕ ಕೊಡೋ ವ್ಯವಸ್ಥೆಯಲ್ಲಿ ಬೆಳೆದ ಮಕ್ಕಳಿಗೆ ಒಂದು ಜಾಲತಾಣದ ಪಾಸ್‌ವರ್ಡ್ ಕೊಟ್ಟರೆ ಇನ್ನೇನು ಆಗುತ್ತೆ ಹೇಳಿ? ಬೈಯಬೇಕಾದ್ದು ಮಕ್ಕಳನ್ನಲ್ಲ ಅಂತ ನನ್ನ ಅಭಿಪ್ರಾಯ.

ಈಗ ಕಷ್ಟದ ಪ್ರಶ್ನೆ. ಇತಿಹಾಸ ಹೇಳಿದ್ದೆಲ್ಲ ನಿಜವಾ?

ಗೆಳತಿಯ ಒಂದು ತಂಡ ಅಡಿಕೆಯ ಪ್ರಾಜೆಕ್ಟ್ ಮಾಡಿತ್ತು. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿರ್ತಾರಲ್ಲ, ಮೊದಲ ಹನಿ ಬಿದ್ದ ಕೂಡಲೇ ಮನೆಯವರ ಮೊಬೈಲಿಗೆ ಸಂದೇಶ ಹೋಗುವ ಒಂದು ಸಣ್ಣ ಪೆಟ್ಟಿಗೆ. ವರದಿಯ ಇತಿಹಾಸ ತೆರೆದರೆ ಮೂವರ ಬಣ್ಣ ತುಂಬಿದೆ, ನಾಲ್ಕನೆಯವನದು ಸೊನ್ನೆ. ಒಂದು ಅಕ್ಷರವೂ ಇಲ್ಲ. ಅವಳ ಲೆಕ್ಕದಲ್ಲಿ ಅವನಿಗೆ ಅಂಕ ಕಡಿಮೆ ಆಗಬೇಕಿತ್ತು. ಆದರೆ ಲ್ಯಾಬಿನ ಅಟೆಂಡರ್ ಹೇಳಿದರು, ಸಂಜೆ ಐದರ ಮೇಲೆ ಕೂತು ಸೋಲ್ಡರ್ ಹಾಕಿ, ಸುಟ್ಟ ಸೆನ್ಸಾರ್ ಬದಲಿಸಿ, ಪೆಟ್ಟಿಗೆಗೆ ಜೀವ ಕೊಟ್ಟವನೇ ಅವನು ಅಂತ. ಅವನ ಬಳಿ ಲ್ಯಾಪ್‌ಟಾಪ್ ಇಲ್ಲ. ಮನೆ ಬೆಳ್ತಂಗಡಿ ಕಡೆಯ ಗುಡ್ಡದ ಬುಡದಲ್ಲಿ, ನೆಟ್‌ವರ್ಕ್ ಬೇಕಾದರೆ ಹತ್ತಬೇಕು. ಲಾಕ್‌ಡೌನಿನಲ್ಲಿ ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡದಲ್ಲಿ ಕೂತು ಆನ್‌ಲೈನ್ ಪಾಠ ಕೇಳಿದ್ದನ್ನು ನಮ್ಮ ಚಾನೆಲುಗಳೇ ತೋರಿಸಿದ್ದವು, ನಿಮಗೆ ನೆನಪಿರಬಹುದು. ಅವನು ಓದಿದ್ದು, ಲೆಕ್ಕ ಹಾಕಿದ್ದು ಎಲ್ಲ ನೂರು ಪುಟದ ನೋಟ್‌ಬುಕ್ಕಿನಲ್ಲಿ. ಅದನ್ನು ನೋಡಿ ಟೈಪ್ ಮಾಡಿದ್ದು ಇನ್ನೊಬ್ಬ. ಹಾಗಾಗಿ ಬಣ್ಣ ಇನ್ನೊಬ್ಬನದು.

ಯಂತ್ರ ಸುಳ್ಳು ಹೇಳಲಿಲ್ಲ. ಅದು ಬೆರಳುಗಳನ್ನು ಎಣಿಸಿತು, ಅಷ್ಟೇ. ಈ ಉಪಕರಣಗಳ ಬಗ್ಗೆ ನನ್ನ ತಕರಾರು ಇರೋದು ಇಷ್ಟೇ. ಮುಂದೆ ಯಾವನೋ ಒಬ್ಬ ಅಧಿಕಾರಿ "ಇತಿಹಾಸ ನೋಡಿ ಅಂಕ ಕೊಡಿ" ಅಂತ ಸುತ್ತೋಲೆ ಹೊರಡಿಸಿದರೆ, ಮೊದಲು ಹೊಡೆತ ಬೀಳೋದು ಇಂಥ ಹುಡುಗರಿಗೆ. ಎರಡನೆಯ ಹೊಡೆತ ಬೀಳೋದು ಕಲಿಕೆಗೆ, ಯಾಕಂದ್ರೆ ಬಣ್ಣ ತುಂಬಿಸೋಕೆ ಒಂದು ಸಾಲು ಅಳಿಸಿ ಅದೇ ಸಾಲು ಮತ್ತೆ ಟೈಪ್ ಮಾಡೋ ಬುದ್ಧಿ ನಮ್ಮ ಮಕ್ಕಳಿಗೆ ಒಂದೇ ವಾರದಲ್ಲಿ ಬರುತ್ತೆ.

ಗೆಳತಿ ಈಗ ಬೇರೆ ಥರ ಮಾಡ್ತಾಳೆ. ವೈವಾಕ್ಕೆ ಮೊದಲು ಇತಿಹಾಸ ತೆರೀತಾಳೆ, ಅಂಕಕ್ಕಲ್ಲ, ಪ್ರಶ್ನೆಗೆ. ಒಬ್ಬರು ಬರೆದ ಪ್ಯಾರಾ ತೋರಿಸಿ ಇನ್ನೊಬ್ಬರ ಹತ್ತಿರ ಕೇಳ್ತಾಳೆ, ಇದು ಹೇಗೆ ಬಂತು ಅಂತ. ಜತೆಗೆ ಪ್ರತಿ ಫೈಲಿನ ಕೊನೆಯಲ್ಲಿ ಒಂದು ಪುಟ್ಟ ಕೋಷ್ಟಕ. ಈ ವಾರ ನಿಮ್ಮನ್ನು ಬಿಟ್ಟು ತಂಡದ ಬೇರೆಯವರು ಏನು ಮಾಡಿದರು, ನೀವು ಬರೆಯಿರಿ. ತನ್ನ ಬಗ್ಗೆ ತಾನು ಬರೆಯುವ ಹಾಗಿಲ್ಲ. ನೆಟ್ ಇಲ್ಲದವರು ಸೋಮವಾರ ಬೆಳಿಗ್ಗೆ ಚೀಟಿಯಲ್ಲಿ ಬರೆದುಕೊಟ್ಟರೂ ಆಯಿತು.

ಮೊದಲ ಮೂರು ವಾರ ಎಲ್ಲ ತಂಡಗಳದೂ ಒಂದೇ ಉತ್ತರ: "ಎಲ್ಲರೂ ಸೇರಿ ಮಾಡಿದೆವು." ನಾಲ್ಕನೇ ವಾರ ಒಂದು ಹುಡುಗಿ ಬರೆದಳಂತೆ, "ನಾನು ಟೈಪ್ ಮಾಡಿದ ಮೂರನೇ ಅಧ್ಯಾಯದ ಲೆಕ್ಕಗಳೆಲ್ಲ ಅವನ ಪುಸ್ತಕದ್ದು" ಅಂತ. ಹೆಸರು ಹಾಕಿ.