ಫ್ಲೆಕ್ಸ್ ಮೇಲೆ ದೂರು: ನಂಬಿಕೆ ಏನು, ನಿಜ ಏನು?

ಹಬ್ಬ ಬಂದರೆ, ಮರಿ ಪುಢಾರಿಗೆ ವರ್ಷ ತುಂಬಿದರೆ, ಪಿಜಿಯಲ್ಲಿ ಒಂದು ಬೆಡ್ ಖಾಲಿಯಾದರೆ, ಸುದ್ದಿ ಮೊದಲು ಮುಟ್ಟುವುದು ನಮ್ಮ ಕರೆಂಟ್ ಕಂಬಗಳಿಗೆ. ಮೇಲೆ ಆಳೆತ್ತರದ ನಾಯಕರು, ಕೆಳಗೆ ‘ಶುಭ ಕೋರುವವರು’ ಎಂಬ ಸಾಲಿನಲ್ಲಿ ಸ್ಟಾಂಪ್ ಅಳತೆಯ ಇಪ್ಪತ್ತು ಮುಖಗಳು, ಅದರ ಹಿಂದೆ ಮರೆಯಾದ ಸಿಗ್ನಲ್ ದೀಪ. ಬೈದುಕೊಂಡು ಹೋಗುವವರು ನೂರು ಮಂದಿ, ದೂರು ಕೊಡುವವರು ಬೆರಳೆಣಿಕೆ. ಇದಕ್ಕೆ ಅಂಜಿಕೆ ಒಂದು ಕಾರಣವಾದರೆ, ಕಾನೂನಿನ ಬಗ್ಗೆ ಬಾಯಿಂದ ಬಾಯಿಗೆ ಹರಡಿರುವ ತಪ್ಪು ತಿಳಿವಳಿಕೆ ಇನ್ನೊಂದು. ಅಂಥ ಕೆಲವನ್ನು ಇಲ್ಲಿ ನೋಡೋಣ.

ತಪ್ಪು ಕಲ್ಪನೆ 1: ಕಟ್ಟಡದ ಮಾಲೀಕರು ಒಪ್ಪಿದ್ದರೆ ಹೋರ್ಡಿಂಗ್ ಸಕ್ರಮ.

ಸತ್ಯ: ಮಾಲೀಕರ ಒಪ್ಪಿಗೆ ಬೇಕು, ಆದರೆ ಅಷ್ಟೇ ಸಾಲದು. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಆಯುಕ್ತರ ಲಿಖಿತ ಅನುಮತಿ ಇಲ್ಲದೆ ಜಾಹೀರಾತು ಹಾಕುವಂತಿಲ್ಲ. ಇದರ ಜೊತೆಗೆ 1981ರ ಕರ್ನಾಟಕ ತೆರೆದ ಸ್ಥಳಗಳ (ವಿರೂಪ ತಡೆ) ಕಾಯ್ದೆ ಇದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಜಾಹೀರಾತು ಅಂಟಿಸಿದರೆ ಆರು ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಗೋಡೆ ನಿಮ್ಮದೇ ಇರಬಹುದು. ಅದು ಬೀದಿಗೆ ಮುಖ ಮಾಡಿದೆ ಎಂಬುದಷ್ಟೇ ಇಲ್ಲಿ ಲೆಕ್ಕಕ್ಕೆ ಬರುವುದು.

ತಪ್ಪು ಕಲ್ಪನೆ 2: ಹುಟ್ಟುಹಬ್ಬ, ಶ್ರದ್ಧಾಂಜಲಿ, ಜಾತ್ರೆಯ ಬ್ಯಾನರ್ ಜಾಹೀರಾತಲ್ಲ. ನಾಲ್ಕು ದಿನಕ್ಕೆ ಅನುಮತಿ ಯಾಕೆ?

ಸತ್ಯ: 1981ರ ಕಾಯ್ದೆ ‘ಜಾಹೀರಾತು’ ಎಂದು ಕರೆಯುವುದು ವ್ಯಾಪಾರದ ಬೋರ್ಡುಗಳನ್ನು ಮಾತ್ರವಲ್ಲ. ಅಕ್ಷರ, ಚಿಹ್ನೆ, ಚಿತ್ರ ಇರುವ ಭಿತ್ತಿಪತ್ರ, ನೋಟಿಸು ಎಲ್ಲವೂ ಅದರೊಳಗೆ ಬರುತ್ತವೆ. ನಾಲ್ಕೇ ದಿನ ಇರುತ್ತದೆ ಎನ್ನುವುದು ಅನುಮತಿ ತಪ್ಪಿಸಿಕೊಳ್ಳಲು ನೆಪವಾಗದು. ಚುನಾವಣೆ ಬಂದಾಗ ಮಾತ್ರ ದೂರು ಕೊಡಬಹುದು ಎನ್ನುವುದೂ ತಪ್ಪು. ನೀತಿಸಂಹಿತೆ ಜಾರಿಯಾದ ಕೂಡಲೇ ಸರ್ಕಾರಿ ಕಟ್ಟಡಗಳಿಂದ 24 ಗಂಟೆ, ಸಾರ್ವಜನಿಕ ಜಾಗಗಳಿಂದ 48 ಗಂಟೆಯೊಳಗೆ ರಾಜಕೀಯ ಬ್ಯಾನರ್ ಇಳಿಯಬೇಕೆಂಬ ಗಡುವು ಇರುತ್ತದೆ. ಹಾಗೆಂದು ಉಳಿದ ದಿನಗಳಲ್ಲಿ ರಜೆ ಇಲ್ಲ.

ತಪ್ಪು ಕಲ್ಪನೆ 3: ಅನುಮತಿ ಸಿಕ್ಕರೆ ಯಾವ ಫ್ಲೆಕ್ಸ್ ಆದರೂ ನಡೆಯುತ್ತದೆ. ಕನ್ನಡದಲ್ಲಿದ್ದರಂತೂ ಯಾರೂ ಕೇಳುವಂತಿಲ್ಲ.

ಸತ್ಯ: ಅನುಮತಿ ಒಂದು ವಿಷಯ, ಸಾಮಗ್ರಿ ಇನ್ನೊಂದು. 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್, ಫ್ಲೆಕ್ಸ್, ಬಾವುಟಗಳನ್ನೂ ನಿಷೇಧಿಸಿದೆ. 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗಳಿಗೆ ದೇಶದೆಲ್ಲೆಡೆ ನಿಷೇಧವಿದೆ. ಬಟ್ಟೆ ಬ್ಯಾನರ್‌ಗೆ ಅನುಮತಿ ಪಡೆದು ಫ್ಲೆಕ್ಸ್ ಕಟ್ಟಿದರೆ ಅದೂ ದೂರಿಗೆ ತಕ್ಕ ವಿಷಯವೇ. ಇನ್ನು ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬುದು ಬೇರೆಯದೇ ಕಾಯ್ದೆಯ ಷರತ್ತು. ಅದನ್ನು ಪಾಲಿಸಿದ ಮಾತ್ರಕ್ಕೆ ಫುಟ್‌ಪಾತ್ ಮೇಲೆ ಬೋರ್ಡು ನಿಲ್ಲಿಸುವ ಹಕ್ಕು ಬರುವುದಿಲ್ಲ.

ತಪ್ಪು ಕಲ್ಪನೆ 4: ರೈಲ್ವೆ ಜಾಗ, ಬೇರೆ ಇಲಾಖೆಯ ಜಾಗ ಎಂದಾದರೆ ಪಾಲಿಕೆಗೆ ದೂರು ಕೊಟ್ಟು ಫಲವಿಲ್ಲ.

ಸತ್ಯ: ಇದು ಎಷ್ಟು ದುಬಾರಿ ನಂಬಿಕೆ ಎಂಬುದನ್ನು ಮುಂಬೈಯ ಘಾಟ್‌ಕೋಪರ್ ತೋರಿಸಿದೆ. 2024ರ ಮೇ 13ರ ಸಂಜೆ ಬಿರುಗಾಳಿಗೆ 120 ಅಡಿ ಉದ್ದ, 120 ಅಡಿ ಅಗಲದ ಹೋರ್ಡಿಂಗ್ ಪೆಟ್ರೋಲ್ ಬಂಕ್ ಮೇಲೆ ಕುಸಿದು 17 ಮಂದಿ ಸತ್ತರು. ಅಲ್ಲಿನ ಪಾಲಿಕೆಯ ಗರಿಷ್ಠ ಮಿತಿ 40 ಅಡಿಗೆ 40 ಅಡಿ. ರೈಲ್ವೆ ಪೊಲೀಸರ ಒಪ್ಪಿಗೆ ಇದೆ, ಪಾಲಿಕೆಯದು ಬೇಡ ಎಂಬ ವಾದದ ನೆರಳಲ್ಲೇ ಅದು ಎದ್ದು ನಿಂತಿತ್ತು. ವಾಲಿದ ಫ್ರೇಮು, ತುಕ್ಕು ಹಿಡಿದ ಬೋಲ್ಟು ಕಂಡರೆ ಜಾಗ ಯಾರದೆಂದು ನೋಡದೆ ಪಾಲಿಕೆಗೂ, ಜಾಗದ ಇಲಾಖೆಗೂ ಒಟ್ಟಿಗೆ ಬರೆಯಿರಿ. ಬೀಳುವಂತಿದ್ದರೆ 112ಕ್ಕೆ ಕರೆ ಮಾಡಿ. ಟ್ರಾನ್ಸ್‌ಫಾರ್ಮರ್‌ಗೆ ಕಟ್ಟಿದ್ದರೆ ವಿದ್ಯುತ್ ಕಂಪನಿಯ 1912ಕ್ಕೂ ಹೇಳಿ.

ತಪ್ಪು ಕಲ್ಪನೆ 5: ಅಕ್ರಮ ಎಂದು ದೂರು ಕೊಡುವವರೇ ಸಾಬೀತು ಮಾಡಬೇಕು.

ಸತ್ಯ: ಅನುಮತಿಯ ಕಡತ ಇರುವುದು ಪಾಲಿಕೆಯ ಬಳಿ, ತೆಗೆದು ನೋಡಬೇಕಾದವರೂ ಅವರೇ. ನೀವು ಜಾಗ ತಪ್ಪದಂತೆ ಹೇಳಿದರೆ ಸಾಕು. ದೂರುಗಳು ಬಿದ್ದುಹೋಗುವುದು ಬಹುಪಾಲು ಇಲ್ಲಿಯೇ. ‘ನಮ್ಮ ಏರಿಯಾ ತುಂಬಾ ಫ್ಲೆಕ್ಸ್’ ಎಂದು ಬರೆದರೆ ಯಾರೂ ಹುಡುಕಿಕೊಂಡು ಬರುವುದಿಲ್ಲ. ರಸ್ತೆ, ಅಡ್ಡರಸ್ತೆ, ಯಾವ ಅಂಗಡಿಯ ಎದುರು, ಕಂಬದ ಮೇಲೆ ಬರೆದಿರುವ ಸಂಖ್ಯೆ, ದಿನಾಂಕ ಇರಲಿ. ಫೋಟೊ ಎರಡಿರಲಿ: ಒಂದು ದೂರದಿಂದ, ಸುತ್ತಲಿನ ಗುರುತು ಕಾಣುವಂತೆ, ಇನ್ನೊಂದು ಹತ್ತಿರದಿಂದ, ಮೂಲೆಯಲ್ಲಿ ಪ್ರಿಂಟರ್ ಹೆಸರೋ ಏಜೆನ್ಸಿಯ ಫೋನ್ ನಂಬರೋ ಇದ್ದರೆ ಓದುವಂತೆ. ಬೆಂಗಳೂರಿನಲ್ಲಿ ಈಗ ಐದು ನಗರ ಪಾಲಿಕೆಗಳಿವೆ, ಸಹಾಯವಾಣಿ 1533. ಹಳ್ಳಿಯಲ್ಲಾದರೆ ಪಿಡಿಒಗೆ ಬರೆದುಕೊಡಿ, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ತಪ್ಪು ಕಲ್ಪನೆ 6: ದೂರು ಯಾಕೆ, ನಾವೇ ಹರಿದು ಹಾಕಿದರಾಯಿತು.

ಸತ್ಯ: ಬೇಡ. ತೆರವು ಮಾಡುವ ಅಧಿಕಾರ ಕಾನೂನು ಕೊಟ್ಟಿರುವುದು ಸ್ಥಳೀಯ ಸಂಸ್ಥೆಗೆ. ನಾಯಕರ, ದೇವರ, ಮಹನೀಯರ ಚಿತ್ರವಿರುವ ಬ್ಯಾನರಿಗೆ ಕೈ ಹಾಕಿದರೆ ಅಕ್ರಮದ ಪ್ರಶ್ನೆ ಮೂಲೆಗೆ ಬಿದ್ದು ಅವಮಾನದ ಗಲಾಟೆ ಮುಂದೆ ಬರುತ್ತದೆ. ಆಗ ಠಾಣೆಯಲ್ಲಿ ಕೂರಬೇಕಾದವರು ನೀವು, ಕಟ್ಟಿದವರಲ್ಲ.

ತಪ್ಪು ಕಲ್ಪನೆ 7: ಕಟ್ಟಿಸಿದವರೇ ದೊಡ್ಡವರು. ದೂರಿನಿಂದ ಏನೂ ಆಗದು.

ಸತ್ಯ: ಒಂದು ದೂರಿನಿಂದ ಊರು ಸ್ವಚ್ಛವಾಗದು, ನಿಜ. ಆದರೆ 2018ರ ಆಗಸ್ಟ್‌ನಲ್ಲಿ ಏನಾಯಿತು ನೋಡಿ. ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರಲ್ಲಿ ಹೈಕೋರ್ಟ್ ಆಗಿನ ನಗರ ಪಾಲಿಕೆ ಬಿಬಿಎಂಪಿಯನ್ನು ತರಾಟೆಗೆ ತೆಗೆದುಕೊಂಡ ಕೆಲವೇ ದಿನಗಳಲ್ಲಿ ಬೆಂಗಳೂರಿನ ಬೀದಿಗಳಿಂದ ಸಾವಿರಾರು ಫ್ಲೆಕ್ಸ್‌ಗಳು ಇಳಿದವು. ಪಾಲಿಕೆ ಸಭೆ ಒಂದು ವರ್ಷ ಹೊರಾಂಗಣ ಜಾಹೀರಾತನ್ನೇ ನಿಷೇಧಿಸುವ ನಿರ್ಣಯ ಮಾಡಿತು. ಫ್ಲೆಕ್ಸ್‌ಗಳು ಮತ್ತೆ ಬಂದವು ಎಂಬುದೂ ಅಷ್ಟೇ ನಿಜ. ಕೋರ್ಟಾಗಲಿ ಮೇಲಧಿಕಾರಿಯಾಗಲಿ ಕೇಳುವುದು ದಾಖಲೆಯನ್ನು, ಅದು ಹುಟ್ಟುವುದು ದೂರಿನ ಸಂಖ್ಯೆಯಿಂದ. ‘ತೆರವಾಗಿದೆ’ ಎಂದು ಉತ್ತರ ಬಂದ ಮೇಲೂ ಬೋರ್ಡು ಅಲ್ಲೇ ಇದ್ದರೆ ಹೊಸ ಫೋಟೊ ಹಾಕಿ ಮತ್ತೆ ದೂರು ಕೊಡಿ. ಬಟ್ಟೆ ಇಳಿಸಿ ಕಬ್ಬಿಣದ ಫ್ರೇಮು ಬಿಟ್ಟಿದ್ದರೆ ಅದನ್ನೂ ಬರೆಯಿರಿ. ಖಾಲಿ ಫ್ರೇಮು ಬಹಳ ದಿನ ಖಾಲಿ ಇರುವುದಿಲ್ಲ.

ಅದಕ್ಕೂ ಬಗ್ಗದಿದ್ದರೆ ಮಾಹಿತಿ ಹಕ್ಕು ಇದೆ. 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳೊಳಗೆ ಅರ್ಜಿ. ‘ಯಾಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಿದರೆ ಹಾರಿಕೆಯ ಉತ್ತರ ಬರುತ್ತದೆ. ‘ಇಂಥ ಜಾಗದ ಹೋರ್ಡಿಂಗ್‌ಗೆ ನೀಡಿರುವ ಅನುಮತಿ ಪತ್ರದ ಪ್ರತಿ ಕೊಡಿ’ ಎಂದು ಕೇಳಿ. 30 ದಿನದಲ್ಲಿ ಪ್ರತಿ ಕೊಡಬೇಕು, ಇಲ್ಲವೇ ಅಂಥ ಪತ್ರವೇ ಇಲ್ಲವೆಂದು ಬರೆದು ಸಹಿ ಹಾಕಬೇಕು. ಆ ಸಹಿ ಕೈಗೆ ಬಂದ ಮೇಲೆ ಬೋರ್ಡನ್ನು ಸಮರ್ಥಿಸಿಕೊಳ್ಳುವುದು ಯಾವ ಅಧಿಕಾರಿಗೂ ಸುಲಭವಲ್ಲ.